ಅಜ್ಜನ ಪಂಚಾಂಗ, ಮೊಮ್ಮಗಳ ಇಂಗ್ಲಿಷ್ ಪುಸ್ತಕ

ಮಕ್ಕಳೇ, ಮುಂದಿನ ಸಲ ಸರ್ಕಾರಿ ಆಸ್ಪತ್ರೆಯ ಮುಂದೆ ಹಾದುಹೋಗುವಾಗ ಅಲ್ಲಿನ ಬೋರ್ಡನ್ನು ನಿಂತು ಓದಿ. ಮೇಲಿನ ಸಾಲಿನಲ್ಲಿ ‘ಪ್ರಾಥಮಿಕ ಆರೋಗ್ಯ ಕೇಂದ್ರ’ ಎಂದಿರುತ್ತದೆ. ಕೆಳಗೆ ಇಂಗ್ಲಿಷಿನಲ್ಲಿ ‘ಪ್ರೈಮರಿ ಹೆಲ್ತ್ ಸೆಂಟರ್’. ಮೇಲಿನದು ನಮ್ಮ ಭಾಷೆ, ಕೆಳಗಿನದು ಪರದೇಶದ ಭಾಷೆ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಆ ಎರಡು ಸಾಲುಗಳ ಕೊನೆಯ ಪದಗಳು ಒಂದೇ ತಾಯಿಯ ಮಕ್ಕಳು!

ಹಳೆಯ ಗ್ರೀಕ್ ಭಾಷೆಯಲ್ಲಿ ‘ಕೆಂಟ್ರಾನ್’ ಎಂಬ ಪದವಿತ್ತು. ಎತ್ತುಗಳನ್ನು ಚುಚ್ಚಿ ನಡೆಸುವ ಮೊನೆಗೋಲಿಗೆ ಆ ಹೆಸರು. ಆಮೇಲೆ ಕೈವಾರದಿಂದ ವೃತ್ತ ಎಳೆಯುವಾಗ ಕಾಗದಕ್ಕೆ ಚುಚ್ಚಿಕೊಳ್ಳುವ ಮುಳ್ಳಿಗೂ, ಆ ಮುಳ್ಳು ನಿಂತ ಬಿಂದುವಿಗೂ ಅದೇ ಹೆಸರಾಯಿತು. ಆ ಪದ ಪಶ್ಚಿಮಕ್ಕೆ ಹೋಗಿ ಲ್ಯಾಟಿನ್ನಿನಲ್ಲಿ ‘ಕೆಂಟ್ರುಮ್’ ಆಗಿ, ಫ್ರೆಂಚ್ ದಾಟಿ, ಇಂಗ್ಲಿಷಿನಲ್ಲಿ ‘ಸೆಂಟರ್’ ಆಯಿತು. ಪೂರ್ವಕ್ಕೆ ಬಂದು ಸಂಸ್ಕೃತದಲ್ಲಿ ‘ಕೇಂದ್ರ’ವಾಗಿ, ಅಲ್ಲಿಂದ ಕನ್ನಡಕ್ಕಿಳಿಯಿತು. ಎರಡು ಸಾವಿರ ವರ್ಷ ಬೇರೆ ಬೇರೆ ದಾರಿಯಲ್ಲಿ ನಡೆದ ಅಕ್ಕ-ತಂಗಿಯರು ಈಗ ಒಂದೇ ಬೋರ್ಡಿನ ಮೇಲೆ ಮೇಲೆ-ಕೆಳಗೆ ಕೂತಿದ್ದಾರೆ.

ಈ ಲೇಖನ ಮಕ್ಕಳಿಗೆ ಎಷ್ಟೋ ಅಜ್ಜ-ಅಜ್ಜಿಯರಿಗೂ ಅಷ್ಟೇ. ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಕಡೆಯ ಹಳ್ಳಿಗಳಲ್ಲಿ ಕನ್ನಡ ಶಾಲೆಗೆ ಹೋಗುವ ಮಕ್ಕಳಿಗೆ ಇಂಗ್ಲಿಷ್ ಎಂದರೆ ಇನ್ನೂ ಅಂಜಿಕೆ. ‘ನಮಗೇನು ಇಂಗ್ಲಿಷ್ ಬರತೈತಿ? ನಿಮ್ಮ ಮೇಷ್ಟ್ರನ್ನ ಕೇಳು’ ಎಂದು ಮನೆಯ ಹಿರಿಯರು ಹಿಂದೆ ಸರಿಯುತ್ತಾರೆ. ಹಿರಿಯರೇ, ಹಿಂದೆ ಸರಿಯಬೇಡಿ. ಇಂಗ್ಲಿಷಿಗೆ ಪದಗಳನ್ನು ಕೊಟ್ಟ ಗ್ರೀಕ್ ಮತ್ತು ಲ್ಯಾಟಿನ್ನಿನ ಎಷ್ಟೋ ಪದಗಳು ನಿಮ್ಮ ಪಂಚಾಂಗದಲ್ಲಿವೆ, ಗುಡಿಯಲ್ಲಿವೆ, ನಿಮ್ಮ ಬಾಯಲ್ಲೂ ಇವೆ.

ಹೋರೆಯೇ ಅವರ್

ಇಂಗ್ಲಿಷ್ ವ್ಯಾಕರಣದಲ್ಲಿ ಒಂದು ನಿಯಮ ಕಲಿಸುತ್ತಾರೆ. ‘ಅವರ್’ ಅಂದರೆ ಒಂದು ಗಂಟೆ. ಬರೆಯುವಾಗ ಮೊದಲ ಅಕ್ಷರ ‘ಎಚ್’, ಓದುವಾಗ ಅದು ಕೇಳಿಸುವುದೇ ಇಲ್ಲ. ಹೇಳದ ಅಕ್ಷರವನ್ನು ಬರೆಯುವುದೇಕೆ?

ಉತ್ತರ ಅಜ್ಜನ ಪಂಚಾಂಗದಲ್ಲಿದೆ. ಶುಭಕಾರ್ಯಕ್ಕೆ ಹೊತ್ತು ನೋಡುವಾಗ ‘ಈಗ ಗುರು ಹೋರೆ, ಆಮೇಲೆ ಕುಜ ಹೋರೆ’ ಎನ್ನುತ್ತಾರಲ್ಲ, ಆ ಹೋರೆ ಎಂದರೂ ದಿನದ 24 ಪಾಲುಗಳಲ್ಲಿ ಒಂದು. ಗ್ರೀಕರ ‘ಹೋರಾ’ ಸಂಸ್ಕೃತದ ಜ್ಯೋತಿಷ್ಯಕ್ಕೆ ಬಂದು ನಮಗೆ ಹೋರೆಯಾಯಿತು. ಅದೇ ‘ಹೋರಾ’ ಲ್ಯಾಟಿನ್, ಫ್ರೆಂಚ್ ದಾಟಿ ಇಂಗ್ಲಿಷಿಗೆ ಹೋಗುವಷ್ಟರಲ್ಲಿ ಬಾಯಿಂದ ‘ಹ’ ಉದುರಿಹೋಯಿತು, ಬರವಣಿಗೆಯಲ್ಲಿ ಮಾತ್ರ ಉಳಿಯಿತು. ಇಂಗ್ಲಿಷರು ಕಳೆದುಕೊಂಡ ‘ಹ’ವನ್ನು ನಮ್ಮ ಪಂಚಾಂಗ ಜೋಪಾನ ಮಾಡಿಟ್ಟಿದೆ.

ವಾರದ ಏಳು ದಿನಗಳ ಸಾಲು ಕೂಡ ಹೋರೆಯ ಲೆಕ್ಕದಿಂದಲೇ ಹುಟ್ಟಿದ್ದು. ಬೆರಳೆಣಿಸಿ ನೋಡೋಣ. ಆಕಾಶದಲ್ಲಿ ನಿಧಾನವಾಗಿ ಸರಿಯುವುದರಿಂದ ಬೇಗ ಸರಿಯುವುದರವರೆಗೆ ಹಳಬರು ಏಳು ಗ್ರಹಗಳನ್ನು ಹೀಗೆ ಜೋಡಿಸಿದ್ದರು: ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ. ಒಂದೊಂದು ಹೋರೆಗೆ ಒಬ್ಬೊಬ್ಬ ಒಡೆಯ. ದಿನದ ಮೊದಲ ಹೋರೆಯ ಒಡೆಯ ಯಾರೋ ಆ ದಿನಕ್ಕೆ ಅವನ ಹೆಸರು. ಶನಿಯಿಂದ ಶುರುವಾದ ದಿನ ಶನಿವಾರ. ಇದೇ ಸರದಿಯಲ್ಲಿ 24 ಹೋರೆ ಎಣಿಸಿ ಮುಗಿಸಿದರೆ, 25ನೆಯದು, ಅಂದರೆ ಮರುದಿನದ ಮೊದಲ ಹೋರೆ ರವಿಗೆ ಬರುತ್ತದೆ. ಹಾಗಾಗಿ ಶನಿವಾರದ ಮರುದಿನ ಭಾನುವಾರ. ರವಿಯಿಂದ ಮತ್ತೆ 24 ಮುಗಿಸಿದರೆ ಚಂದ್ರ, ಸೋಮವಾರ. ಹೀಗೆಯೇ ಮಂಗಳವಾರ, ಬುಧವಾರ, ಬೇಸ್ತವಾರ, ಶುಕ್ರವಾರ.

ಇಂಗ್ಲಿಷಿನ ‘ಸ್ಯಾಟರ್‌ಡೇ’ ಕೂಡ ಸ್ಯಾಟರ್ನ್ ಎಂಬ ಗ್ರಹದ ದಿನ. ಸ್ಯಾಟರ್ನ್ ಎಂದರೆ ನಮ್ಮ ಶನಿಯೇ. ‘ಸನ್‌ಡೇ’ ಸೂರ್ಯನ ದಿನ, ‘ಮನ್‌ಡೇ’ ಚಂದ್ರನ ದಿನ. ಲಂಡನ್ನಿನ ಶಾಲೆಗೂ ನಮ್ಮ ಶಾಲೆಗೂ ಒಂದೇ ದಿನ ರಜೆ ಸಿಗುವುದರ ಹಿಂದೆ ಈ ಹಳೆಯ ಲೆಕ್ಕವಿದೆ.

ಆಡಿನ ಜಾಗದಲ್ಲಿ ಮಕರ

ಪದಗಳಂತೆ ಚಿತ್ರಗಳೂ ಪ್ರಯಾಣ ಮಾಡುತ್ತವೆ. ಮೇಷ, ವೃಷಭ, ಮಿಥುನ ಎಂದು ಅಜ್ಜಿ ಹೇಳುವ ಹನ್ನೆರಡು ರಾಶಿಗಳನ್ನು ನೋಡಿ. ಟಗರು, ಎತ್ತು, ಜೋಡಿ, ಏಡಿ, ಸಿಂಹ, ಕನ್ಯೆ, ತಕ್ಕಡಿ, ಚೇಳು. ಗ್ರೀಕರ ಆಕಾಶದಲ್ಲೂ ಇವೇ ಚಿತ್ರಗಳು, ಇದೇ ಸಾಲಿನಲ್ಲಿ. ಗ್ರೀಕರಿಗೂ ಮೊದಲು ಬ್ಯಾಬಿಲೋನಿನ ಜನ ನಕ್ಷತ್ರಗಳ ನಡುವೆ ಇವುಗಳಲ್ಲಿ ಎಷ್ಟೋ ಚಿತ್ರಗಳನ್ನು ಕಂಡಿದ್ದರು. ಗ್ರೀಕರು ಅವರಿಂದ ಕಲಿತರು, ಗ್ರೀಕರಿಂದ ನಮ್ಮ ಜ್ಯೋತಿಷಿಗಳು ಕಲಿತರು.

ಆರನೇ ಶತಮಾನದ ವರಾಹಮಿಹಿರ ಇದನ್ನು ಮುಚ್ಚಿಡಲಿಲ್ಲ. ತನ್ನ ‘ಬೃಹಜ್ಜಾತಕ’ದಲ್ಲಿ ರಾಶಿಗಳಿಗೆ ಗ್ರೀಕ್ ಮೂಲದ ಹೆಸರುಗಳನ್ನೂ ಕೊಟ್ಟ. ಮೇಷಕ್ಕೆ ‘ಕ್ರಿಯ’, ವೃಷಭಕ್ಕೆ ‘ತಾವುರಿ’, ಸಿಂಹಕ್ಕೆ ‘ಲೇಯ’. ಗ್ರೀಕಿನಲ್ಲಿ ಇವು ‘ಕ್ರಿಯೋಸ್’, ‘ಟಾವ್ರೋಸ್’, ‘ಲೆಯೋನ್’. ಗ್ರೀಕರನ್ನು ನಮ್ಮವರು ಯವನರು ಎನ್ನುತ್ತಿದ್ದರು. ಯವನರು ಪರದೇಶದವರಾದರೂ ಈ ಶಾಸ್ತ್ರ ಅವರಲ್ಲಿ ನೆಲೆಗೊಂಡಿರುವುದರಿಂದ ಅವರನ್ನೂ ಋಷಿಗಳಂತೆ ಗೌರವಿಸಬೇಕು ಎಂಬ ಮಾತನ್ನೂ ಅವನು ಬರೆದಿದ್ದಾನೆ. ಕಲಿತದ್ದು ಯಾರಿಂದ ಎಂದು ಹೇಳಿಕೊಳ್ಳಲು ದೊಡ್ಡವರು ನಾಚುವುದಿಲ್ಲ.

ತಂದದ್ದನ್ನು ಹಾಗೆಯೇ ಇಟ್ಟುಕೊಳ್ಳಲೂ ಇಲ್ಲ. ಗ್ರೀಕರ ಹತ್ತನೇ ರಾಶಿ ಅರ್ಧ ಆಡು, ಅರ್ಧ ಮೀನು. ಲ್ಯಾಟಿನ್ನಿನಲ್ಲಿ ಅದು ‘ಕಾಪ್ರಿಕಾರ್ನುಸ್’, ಅಂದರೆ ಆಡಿನ ಕೊಂಬುಳ್ಳದ್ದು. ನಮ್ಮವರು ಆ ಜಾಗದಲ್ಲಿ ನಮ್ಮದೇ ನೀರಿನ ಪ್ರಾಣಿಯಾದ ಮಕರವನ್ನು ತಂದು ಕೂರಿಸಿದರು. ಭೂಗೋಳ ಪುಸ್ತಕದ ‘ಮಕರ ಸಂಕ್ರಾಂತಿ ವೃತ್ತ’ ಇಂಗ್ಲಿಷಿನಲ್ಲಿ ‘ಟ್ರಾಪಿಕ್ ಆಫ್ ಕಾಪ್ರಿಕಾರ್ನ್’ ಆಗಿರುವುದು ಇದಕ್ಕೇ. ‘ಕರ್ಕಾಟಕ ಸಂಕ್ರಾಂತಿ ವೃತ್ತ’ ಅಲ್ಲಿ ‘ಟ್ರಾಪಿಕ್ ಆಫ್ ಕ್ಯಾನ್ಸರ್’. ಕರ್ಕಾಟಕ ಎಂದರೂ ಏಡಿ, ಲ್ಯಾಟಿನ್ನಿನ ಕ್ಯಾನ್ಸರ್ ಎಂದರೂ ಏಡಿ. ಸಂಕ್ರಾಂತಿಗೆ ಎಳ್ಳು-ಬೆಲ್ಲ ಹಂಚುವ ಅಜ್ಜಿಗೆ ಈ ಎರಡು ಗೆರೆಗಳನ್ನು ನಕಾಶೆಯಲ್ಲಿ ತೋರಿಸಿ ನೋಡಿ, ಅರ್ಧ ಪಾಠವನ್ನು ಅವರೇ ಮಾಡುತ್ತಾರೆ.

ಹರಪನಹಳ್ಳಿ ತಾಲ್ಲೂಕಿನ ನೀಲಗುಂದದಲ್ಲಿ ಕಲ್ಯಾಣದ ಚಾಲುಕ್ಯರ ಶೈಲಿಯ ಭೀಮೇಶ್ವರ ದೇವಾಲಯವಿದೆ. ಸುತ್ತಲ ಬಾಗಳಿ, ಕುರುವತ್ತಿ, ಹಿರೇಹಡಗಲಿ, ಮಾಗಳಗಳಲ್ಲೂ ಆ ಕಾಲದ ಗುಡಿಗಳಿವೆ. ಚಾಲುಕ್ಯ ಶಿಲ್ಪಿಗಳಿಗೆ ಮಕರ ಬಹಳ ಅಚ್ಚುಮೆಚ್ಚು. ಅದರ ಬಾಯಿಂದ ತೋರಣ ಹೊರಡಿಸುತ್ತಿದ್ದರು, ಬಾಲವನ್ನು ಬಳ್ಳಿಯಂತೆ ಸುತ್ತುತ್ತಿದ್ದರು. ಗುಡಿಗೆ ಹೋದಾಗ ಬಾಗಿಲು, ಕಂಬ, ಗೋಡೆಗಳಲ್ಲಿ ಮಕರವನ್ನು ಹುಡುಕಿ. ಹನ್ನೆರಡು ರಾಶಿಗಳನ್ನೂ ಒಟ್ಟಿಗೆ ಕಲ್ಲಿನಲ್ಲಿ ನೋಡಬೇಕೆಂದರೆ ಶೃಂಗೇರಿಯ ವಿದ್ಯಾಶಂಕರ ದೇವಾಲಯಕ್ಕೆ ಹೋಗಬೇಕು. ಅಲ್ಲಿ ಹನ್ನೆರಡು ಕಂಬಗಳ ಮೇಲೆ ಹನ್ನೆರಡು ರಾಶಿಗಳಿವೆ.

ಚಂದ್ರವಳ್ಳಿಗೆ ಬಂದ ಆಗಸ್ಟ್

ಎಲ್ಲಿಯ ಗ್ರೀಸ್, ಎಲ್ಲಿಯ ರೋಮ್, ಎಲ್ಲಿಯ ನಮ್ಮ ಬಯಲುಸೀಮೆ? ಪದಗಳು ಬರಲು ದಾರಿ ಬೇಕಲ್ಲ! ದಾರಿ ಇತ್ತು. ಮುಂಗಾರಿನ ಗಾಳಿ ಹಿಡಿದು ಕೆಂಪು ಸಮುದ್ರದ ಕಡೆಯಿಂದ ಹಡಗುಗಳು ನಮ್ಮ ಪಶ್ಚಿಮ ಕರಾವಳಿಗೆ ಬರುತ್ತಿದ್ದವು. ಮೆಣಸು, ಬಟ್ಟೆ, ಹರಳು ಒಯ್ದು ಬೆಳ್ಳಿ-ಬಂಗಾರದ ನಾಣ್ಯ ಕೊಡುತ್ತಿದ್ದವು.

ಆ ನಾಣ್ಯಗಳು ಒಳನಾಡಿಗೂ ಬಂದವು. ಚಿತ್ರದುರ್ಗದ ಬೆಟ್ಟದ ಬುಡದಲ್ಲಿರುವ ಚಂದ್ರವಳ್ಳಿಯಲ್ಲಿ ರೋಮಿನ ಚಕ್ರವರ್ತಿಗಳಾದ ಆಗಸ್ಟಸ್ ಮತ್ತು ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯಗಳು ಸಿಕ್ಕಿವೆ. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಉತ್ಖನನ ನಡೆಸಿದ್ದರು. ಮಕ್ಕಳೇ, ಸ್ವಾತಂತ್ರ್ಯ ದಿನ ಬರುವ ಆಗಸ್ಟ್ ತಿಂಗಳಿಗೆ ಹೆಸರು ಬಂದದ್ದು ಇದೇ ಆಗಸ್ಟಸ್‌ನಿಂದ. ಅವನನ್ನು ದತ್ತು ಪಡೆದ ಜೂಲಿಯಸ್ ಸೀಸರನ ಹೆಸರು ಜುಲೈ ತಿಂಗಳಲ್ಲಿದೆ. ಕ್ಯಾಲೆಂಡರಿನಲ್ಲಿ ಕೂತಿರುವ ರಾಜನ ದುಡ್ಡು ನಮ್ಮ ಪಕ್ಕದ ಜಿಲ್ಲೆಯ ಮಣ್ಣಿನಲ್ಲಿತ್ತು!

ರೋಮಿನ ಆ ಬೆಳ್ಳಿ ನಾಣ್ಯದ ಹೆಸರು ‘ಡೆನೇರಿಯಸ್’. ಅದೇ ಸಂಸ್ಕೃತದಲ್ಲಿ ‘ದೀನಾರ’. ಕುವೈತಿಗೆ ದುಡಿಯಲು ಹೋದವರು ಇಂದಿಗೂ ಸಂಬಳ ಎಣಿಸುವುದು ದಿನಾರ್‌ಗಳಲ್ಲಿ. ಗ್ರೀಕರ ನಾಣ್ಯ ‘ದ್ರಾಖ್ಮೆ’. ಅರಬ್ಬರ ನಾಡಿನಲ್ಲಿ ಅದು ‘ದಿರ್ಹಮ್’ ಆಯಿತು, ನಮ್ಮಲ್ಲಿ ‘ದ್ರಮ್ಮ’ ಆಯಿತು. ಹಳೆಯ ಕನ್ನಡ ಶಾಸನಗಳಲ್ಲಿ ಗದ್ಯಾಣ, ಪಣಗಳ ಜೊತೆಗೆ ದ್ರಮ್ಮವೂ ಬರುತ್ತದೆ. ಉತ್ತರದಲ್ಲಿ ದ್ರಮ್ಮ ಸವೆದು ‘ದಾಮ್’, ಅದರ ಪುಡಿಕಾಸು ‘ದಮ್ಡಿ’, ಕನ್ನಡದಲ್ಲಿ ‘ದಮ್ಮಡಿ’. ‘ಕೈಯಾಗ ಒಂದು ದಮ್ಮಡಿ ಇಲ್ಲ’ ಎಂದು ಅಜ್ಜ ಬೈಯುವಾಗ ಅದರಲ್ಲಿ ಗ್ರೀಕ್ ಪದವೊಂದು ಇರುತ್ತದೆ.

ಗ್ರೀಕರೂ ನಮ್ಮ ಹೆಸರುಗಳನ್ನು ಬರೆದುಕೊಂಡರು. ಎರಡನೇ ಶತಮಾನದಲ್ಲಿ ಟಾಲೆಮಿ ಬರೆದ ಭೂಗೋಳ ಗ್ರಂಥದಲ್ಲಿ ನಮ್ಮ ಬನವಾಸಿಯ ಹೆಸರಿದೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಸಿಕ್ಕ ಒಂದು ಪಪೈರಸ್ ಹಾಳೆಯಲ್ಲಿ ಗ್ರೀಕ್ ನಗೆನಾಟಕವಿದೆ. 1903ರಲ್ಲಿ ಅದು ಅಚ್ಚಾಯಿತು. ಭಾರತದ ಕಡಲತೀರದಲ್ಲಿ ಸೆರೆಸಿಕ್ಕ ಖಾರಿಟಿಯೋನ್ ಎಂಬ ಹುಡುಗಿಯ ಕಥೆ ಅದು. ಅದರಲ್ಲಿ ಭಾರತೀಯರು ಆಡುವ ಮಾತು ಕನ್ನಡವೇ ಎಂದು ಜರ್ಮನಿಯ ಹುಲ್ಟ್ಶ್ ಹೇಳಿದರು. ನಮ್ಮ ಶಾಮಶಾಸ್ತ್ರಿಗಳು, ಮಂಜೇಶ್ವರದ ಗೋವಿಂದ ಪೈಗಳು ಅದರ ಬೆನ್ನು ಹತ್ತಿದರು. ವಿದ್ವಾಂಸರೆಲ್ಲರೂ ಇದನ್ನು ಒಪ್ಪಿಲ್ಲ, ಚರ್ಚೆ ಇನ್ನೂ ಮುಗಿದಿಲ್ಲ.

ಅಡುಗೆಮನೆಯ ಮಾತಿನಲ್ಲಿ ಮಾತ್ರ ಚರ್ಚೆ ಬೇಕಿಲ್ಲ. ನಮ್ಮ ‘ಪಿಪ್ಪಲಿ’ ಗ್ರೀಕರಲ್ಲಿ ‘ಪೆಪೆರಿ’, ಲ್ಯಾಟಿನ್ನಿನಲ್ಲಿ ‘ಪಿಪೆರ್’, ಇಂಗ್ಲಿಷಿನಲ್ಲಿ ‘ಪೆಪ್ಪರ್’. ನಮ್ಮ ‘ಶರ್ಕರ’ ನಮಗೆ ಸಕ್ಕರೆ, ಗ್ರೀಕರಿಗೆ ‘ಸಾಕ್ಖರೋನ್’, ಅರಬ್ಬರ ‘ಸುಕ್ಕರ್’ ದಾಟಿ ಇಂಗ್ಲಿಷರಿಗೆ ‘ಶುಗರ್’. ಕೊಟ್ಟದ್ದೂ ಉಂಟು, ತಂದದ್ದೂ ಉಂಟು.

ಸಾಲವಲ್ಲ, ನೆಂಟಸ್ತಿಕೆ

ಇನ್ನು ಕೆಲವು ಪದಗಳು ಕೊಟ್ಟು-ತಂದವಲ್ಲ, ಒಂದೇ ಮನೆತನದವು. ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್, ಡಿಸೆಂಬರ್ ಎಂದು ನಿಧಾನವಾಗಿ ಹೇಳಿ. ಈಗ ಅಜ್ಜಿಯ ಬಾಯಲ್ಲಿ ಸಪ್ತ, ಅಷ್ಟ, ನವ, ದಶ ಎಂದು ಹೇಳಿಸಿ. ಲ್ಯಾಟಿನ್ನಿನ ‘ಸೆಪ್ಟೆಮ್’, ‘ಆಕ್ಟೋ’, ‘ನೋವೆಮ್’, ‘ಡೆಕೆಮ್’ ಎಂದರೆ ಏಳು, ಎಂಟು, ಒಂಬತ್ತು, ಹತ್ತು. ಹಾಗಾದರೆ ಸೆಪ್ಟೆಂಬರ್ ಒಂಬತ್ತನೇ ತಿಂಗಳಾದದ್ದು ಹೇಗೆ? ರೋಮಿನವರ ಹಳೆಯ ವರ್ಷ ನಮ್ಮ ಯುಗಾದಿಯ ಆಸುಪಾಸಿನಲ್ಲೇ, ಮಾರ್ಚಿಯಲ್ಲಿ ಶುರುವಾಗುತ್ತಿತ್ತು. ಮಾರ್ಚಿಯಿಂದ ಎಣಿಸಿ, ಸೆಪ್ಟೆಂಬರ್ ಸರಿಯಾಗಿ ಏಳನೆಯದು. ಆಮೇಲೆ ವರ್ಷದ ಮೊದಲು ಜನವರಿಗೆ ಸರಿಯಿತು, ಹೆಸರು ಹಾಗೇ ಉಳಿಯಿತು.

ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಕವಲೊಡೆದಿರಬೇಕು ಎಂದು 1786ರಲ್ಲಿ ಕಲ್ಕತ್ತೆಯಲ್ಲಿ ವಿಲಿಯಂ ಜೋನ್ಸ್ ಭಾಷಣದಲ್ಲಿ ಹೇಳಿದ. ಮಾತೃ ಮತ್ತು ‘ಮಾಟೆರ್’, ನಾಮ ಮತ್ತು ‘ನೋಮೆನ್’, ದಂತ ಮತ್ತು ಹಲ್ಲಿನ ಡಾಕ್ಟರ್ ‘ಡೆಂಟಿಸ್ಟ್’, ಪಾದ ಮತ್ತು ಸೈಕಲ್ಲಿನ ‘ಪೆಡಲ್’ ಇವೆಲ್ಲ ಆ ಮನೆತನದ ನೆಂಟರು.

ಆದರೆ ಇಲ್ಲಿ ಒಂದು ಎಚ್ಚರ. ಕನ್ನಡದ ಮನೆ ಬೇರೆ. ತಮಿಳು, ತೆಲುಗು, ಮಲಯಾಳ, ತುಳುಗಳ ಜೊತೆ ಕನ್ನಡ ದ್ರಾವಿಡ ಕುಟುಂಬಕ್ಕೆ ಸೇರಿದ್ದು. ಮದರಾಸಿನ ಎಲ್ಲಿಸ್ 1816ರಲ್ಲೂ ಕಾಲ್ಡ್‌ವೆಲ್ 1856ರಲ್ಲೂ ಇದನ್ನು ತೋರಿಸಿಕೊಟ್ಟರು. ನಮ್ಮ ಏಳು, ಎಂಟು, ಹಲ್ಲು, ಕಾಲು, ಹೆಸರು ನಮ್ಮ ಸ್ವಂತ ಆಸ್ತಿ. ಸಪ್ತ, ದಂತ, ನಾಮ ಸಂಸ್ಕೃತದಿಂದ ಬಂದವು. ಹೀಗಾಗಿ ಕನ್ನಡದ ಮಗುವಿಗೆ ಎರಡು ಮನೆಗಳ ಪದಗಳು ಗೊತ್ತು. ಹಲ್ಲೂ ಗೊತ್ತು, ದಂತವೂ ಗೊತ್ತು. ದಂತ ಗೊತ್ತಿದ್ದವರಿಗೆ ಡೆಂಟಿಸ್ಟ್ ದೂರವಲ್ಲ.

ಇನ್ನೊಂದು ಎಚ್ಚರವೂ ಬೇಕು. ಒಂದೇ ಥರ ಕೇಳಿಸಿದ್ದೆಲ್ಲ ನೆಂಟರಲ್ಲ. ದೇವರಿಗೆ ಲ್ಯಾಟಿನ್ನಿನಲ್ಲಿ ‘ದೇವುಸ್’, ಗ್ರೀಕಿನಲ್ಲಿ ‘ಥೆಯೋಸ್’. ದೇವುಸ್ ನಮ್ಮ ‘ದೇವ’ನ ನೆಂಟ. ಥೆಯೋಸ್ ಎಷ್ಟೇ ಹೋಲುವಂತೆ ಕಂಡರೂ ಅದರ ಬೇರು ಬೇರೆ.

ಬಸ್ಸಿನ ವಿಷಯ ಕೇಳಿದರೆ ನಗು ಬರುತ್ತದೆ. 1820ರ ದಶಕದಲ್ಲಿ ಫ್ರಾನ್ಸಿನಲ್ಲಿ ಕುದುರೆ ಎಳೆಯುವ ಸಾರ್ವಜನಿಕ ಗಾಡಿಗೆ ‘ಆಮ್ನಿಬಸ್’ ಎಂದು ಹೆಸರಿಟ್ಟರು. ಲ್ಯಾಟಿನ್ನಿನಲ್ಲಿ ಅದರ ಅರ್ಥ ‘ಎಲ್ಲರಿಗೆ’. ಮುಂದೆ ಇಂಗ್ಲಿಷರು ತಲೆ ಕಡಿದು ಬಾಲ ಮಾತ್ರ ಉಳಿಸಿಕೊಂಡರು. ‘ಬಸ್’ ಎಂದರೆ ಬರೀ ಚತುರ್ಥಿ ವಿಭಕ್ತಿಯ ಪ್ರತ್ಯಯ, ಕನ್ನಡದ ‘ಇಗೆ’ ಇದ್ದಂತೆ! ಅಜ್ಜ ಬೆಳಿಗ್ಗೆ ‘ಶ್ರೀ ಗುರುಭ್ಯೋ ನಮಃ’ ಎನ್ನುತ್ತಾರಲ್ಲ, ಅದರಲ್ಲಿನ ‘ಭ್ಯೋ’ ಈ ಬಸ್ಸಿನ ನೆಂಟ.

ಮಹಾಪ್ರಾಣ ತೆರೆಯುವ ಬೀಗ

ಈಗ ಶಾಲೆಗೆ ಬರೋಣ. ‘ಸ್ಕೂಲ್’ ಎಂಬ ಪದವೇ ಗ್ರೀಕಿನದು. ಅದರ ಮೂಲ ಅರ್ಥ ‘ಬಿಡುವು’! ದುಡಿಮೆಯಿಂದ ಬಿಡುವಾದಾಗ ಕೂತು ಮಾತಾಡಿ ಕಲಿಯುವುದು, ಆಮೇಲೆ ಹಾಗೆ ಕಲಿಯುವ ಜಾಗ ಎಂದು ಅರ್ಥ ಬೆಳೆಯಿತು.

ಸ್ಕೂಲ್ ಬರೆಯುವಾಗ ‘ಕೆ’ ಬದಲು ‘ಸಿ-ಎಚ್’ ಏಕೆ? ಫೋನ್, ಫೋಟೋ ಬರೆಯುವಾಗ ‘ಎಫ್’ ಬದಲು ‘ಪಿ-ಎಚ್’ ಏಕೆ? ಇದನ್ನು ಕನ್ನಡ ವರ್ಣಮಾಲೆ ಕಲಿತವರಿಗೆ ಸುಲಭವಾಗಿ ಹೇಳಬಹುದು. ನಮ್ಮಲ್ಲಿ ಕ-ಖ, ತ-ಥ, ಪ-ಫ ಎಂದು ಅಲ್ಪಪ್ರಾಣ-ಮಹಾಪ್ರಾಣಗಳಿವೆ. ಹಳೆಯ ಗ್ರೀಕಿನಲ್ಲೂ ಖ, ಥ, ಫ ಎಂಬ ಮೂರು ಮಹಾಪ್ರಾಣಗಳಿಗೆ ಬೇರೆ ಅಕ್ಷರಗಳಿದ್ದವು. ಲ್ಯಾಟಿನ್ ಲಿಪಿಯಲ್ಲಿ ಅವಿರಲಿಲ್ಲ. ಹಾಗಾಗಿ ರೋಮಿನವರು ಅಲ್ಪಪ್ರಾಣದ ಪಕ್ಕದಲ್ಲಿ ‘ಎಚ್’ ಸೇರಿಸಿ ಬರೆದರು. ಕಾಲ ಕಳೆದಂತೆ ಉಚ್ಚಾರ ಬದಲಾಯಿತು, ಬರವಣಿಗೆ ಬದಲಾಗಲಿಲ್ಲ. ಇಂಗ್ಲಿಷ್ ಪದದಲ್ಲಿ ‘ಪಿ-ಎಚ್’ ಸೇರಿ ‘ಫ’ ಆಗಿದ್ದರೆ ಅದು ಗ್ರೀಕ್ ಮನೆಯ ಪದವೆಂದು ಹೆಚ್ಚೂಕಡಿಮೆ ಗುರುತು ಹಿಡಿಯಬಹುದು. ಜಿಯಾಗ್ರಫಿ, ಗ್ರಾಫ್, ಆಲ್ಫಬೆಟ್ ಎಲ್ಲವೂ ಹಾಗೆಯೇ.

ವಿಜ್ಞಾನ ಪುಸ್ತಕದಲ್ಲಿ ಇದರ ಉಪಯೋಗ ಇನ್ನೂ ದೊಡ್ಡದು. ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ ಸೇರಿದ ಮಕ್ಕಳು ಒಮ್ಮೆಗೇ ಬರುವ ಇಂಗ್ಲಿಷ್ ಪದಗಳ ರಾಶಿ ನೋಡಿ ಹೆದರುತ್ತಾರೆ. ತಾವು ಓದಿದ್ದೆಲ್ಲ ವ್ಯರ್ಥವಾಯಿತು ಎಂದುಕೊಳ್ಳುತ್ತಾರೆ. ಆದರೆ ನಮ್ಮ ಪಾರಿಭಾಷಿಕ ಪದಗಳಲ್ಲಿ ಎಷ್ಟೋ ಪದಗಳನ್ನು ಇಂಗ್ಲಿಷ್ ಪದದ ತುಂಡು ತುಂಡಿಗೆ ಸರಿಯಾಗಿ ಜೋಡಿಸಿಯೇ ಕಟ್ಟಿದ್ದಾರೆ. ‘ಟೆಲಿ’ ಎಂದರೆ ದೂರ, ‘ಫೋನ್’ ಎಂದರೆ ದನಿ: ದೂರವಾಣಿ. ‘ಮೈಕ್ರೋ’ ಎಂದರೆ ಸಣ್ಣದು, ‘ಸ್ಕೋಪ್’ ನೋಡುವಂಥದ್ದು: ಸೂಕ್ಷ್ಮದರ್ಶಕ. ‘ಥರ್ಮೋ’ ಎಂದರೆ ಬಿಸಿ, ‘ಮೀಟರ್’ ಅಳತೆ: ಉಷ್ಣತಾಮಾಪಕ. ‘ಬಯೋ’ ಎಂದರೆ ಬದುಕು, ‘ಲಜಿ’ ಶಾಸ್ತ್ರ: ಜೀವಶಾಸ್ತ್ರ. ನಾಲಿಗೆ ತೊಡರಿಸುವ ‘ಫೋಟೋಸಿಂಥೆಸಿಸ್’ ಕೂಡ ಅಷ್ಟೇ. ‘ಫೋಟೋ’ ಎಂದರೆ ಬೆಳಕು, ಅದೇ ದ್ಯುತಿ. ‘ಸಿಂಥೆಸಿಸ್’ ಎಂದರೆ ಕೂಡಿಸಿ ಇಡುವುದು, ಅದೇ ಸಂಶ್ಲೇಷಣೆ. ದ್ಯುತಿಸಂಶ್ಲೇಷಣೆಯನ್ನು ಅರ್ಥಮಾಡಿಕೊಂಡ ಮಗು ಪಾಠವನ್ನು ಹೊಸದಾಗಿ ಕಲಿಯಬೇಕಿಲ್ಲ. ತುಂಡುಗಳ ಬೇರೆ ಹೆಸರು ತಿಳಿದರೆ ಸಾಕು. ಹತ್ತಿಪ್ಪತ್ತು ತುಂಡುಗಳು ಗೊತ್ತಾದರೆ ನೂರಾರು ಪದಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ.

ಮನೆಯಲ್ಲಿ ಆಡುವ ಆಟ

ಒಂದು ಹಳೆಯ ನೋಟ್‌ಬುಕ್ ತೆಗೆದುಕೊಳ್ಳಿ. ಪ್ರತಿ ಪುಟದಲ್ಲಿ ಮೂರು ಕಂಬ ಎಳೆಯಿರಿ. ಮೊದಲನೆಯದರಲ್ಲಿ ಮಕ್ಕಳು ಇಂಗ್ಲಿಷ್ ಪದ ಬರೆಯಲಿ. ಎರಡನೆಯದರಲ್ಲಿ ಅಜ್ಜ-ಅಜ್ಜಿ ಹೇಳಿದ ಕನ್ನಡ ಪದ. ಮೂರನೆಯದರಲ್ಲಿ ಆ ಎರಡಕ್ಕೂ ಏನು ಸಂಬಂಧ ಎಂಬ ಗುರುತು: ಸಾಲ, ನೆಂಟ, ಅನುವಾದ ಅಥವಾ ಬರೀ ಹೋಲಿಕೆ. ಅನುಮಾನವಿದ್ದರೆ ಒಂದು ಪ್ರಶ್ನೆಚಿಹ್ನೆ ಹಾಕಿ, ಶಾಲೆಯಲ್ಲಿ ನಿಘಂಟು ನೋಡಿ ತಿದ್ದಿ.

ಶುರು ಮಾಡಲು ಮೂರು ಸುಳಿವು. ಒಂದು: ಸೂಜಿಮದ್ದು ಕೊಡುವ ‘ಸಿರಿಂಜ್’ಗೂ ರೈಲು ಹೋಗುವ ಸುರಂಗಕ್ಕೂ ಏನು ಸಂಬಂಧ? ಗ್ರೀಕಿನ ‘ಸಿರಿಂಕ್ಸ್’ ಎಂದರೆ ಕೊಳವೆ. ಎರಡು: ಮನೆಯ ‘ಚಾವಿ’ ಮತ್ತು ‘ಅಲಮಾರು’ ಎಲ್ಲಿಂದ ಬಂದವು? ಪೋರ್ಚುಗೀಸರು ತಂದದ್ದು, ಲ್ಯಾಟಿನ್ನಿನಲ್ಲಿ ಬೀಗದ ಕೈ ‘ಕ್ಲಾವಿಸ್’, ಆಯುಧ ಇಡುವ ಕಪಾಟು ‘ಅರ್ಮಾರಿಯುಮ್’. ಮೂರು: ‘ಹಿಪೊಪಾಟಮಸ್’ ಎಂದರೆ ಗ್ರೀಕರಿಗೆ ಹೊಳೆಯ ಕುದುರೆ. ಕನ್ನಡದಲ್ಲಿ ಕೆಲವರು ನೀರುಕುದುರೆ ಎನ್ನುತ್ತಾರೆ, ಕೆಲವರು ನೀರಾನೆ ಎನ್ನುತ್ತಾರೆ. ಚಿತ್ರ ನೋಡಿ ನಿಮಗೆ ಯಾವುದು ಸರಿ ಅನ್ನಿಸುತ್ತದೆ? ಅಜ್ಜಿಯನ್ನೂ ಕೇಳಿ, ಅವರ ಉತ್ತರವನ್ನೂ ಬರೆದುಕೊಳ್ಳಿ.